ಪ್ರಾಣಿ ಆಶ್ರಯಧಾಮಕ್ಕೆ ಭಾನುವಾರ ಯಾರು ಬರಬಲ್ಲಿರಿ?

ಸಂಘದ ಕಾರ್ಯದರ್ಶಿ:
ಆತ್ಮೀಯ ನಿವಾಸಿಗಳೇ, ಉದ್ಯಾನದ ಹಿಂದಿನ ಖಾಲಿ ನಿವೇಶನದಲ್ಲಿ ಬೀಡುಬಿಟ್ಟಿರುವ ಒಂಬತ್ತು ನಾಯಿಗಳ ವಿಷಯವಾಗಿ ನಾನು ಮತ್ತು ಖಜಾಂಚಿಯವರು ಶನಿವಾರ ಆಶ್ರಯಧಾಮಕ್ಕೆ ಹೋಗಿ ಮಾತನಾಡಿ ಬಂದೆವು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆಯ ಪತ್ರವನ್ನೂ ನೋಡಿದೆವು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ ರೇಬೀಸ್ ಲಸಿಕೆ ಹಾಕಲು ಅವರು ಒಪ್ಪಿದ್ದಾರೆ. ಆದರೆ ಶಸ್ತ್ರಚಿಕಿತ್ಸೆಯಾದ ನಾಯಿಯನ್ನು ಗಾಯ ಮಾಯುವವರೆಗೆ ನಾಯಿಗೂಡಿನಲ್ಲಿ, ಅಂದರೆ ಕೆನಲ್‌ನಲ್ಲಿಟ್ಟು ನೋಡಿಕೊಳ್ಳಬೇಕು. ಆ ಕೆಲಸಕ್ಕೆ ಆಳುಗಳು ಸಾಲದೆ ಅರ್ಧದಷ್ಟು ಕೆನಲ್‌ಗಳು ಬಳಕೆಯಾಗದೆ ಉಳಿದಿವೆ. ನಮ್ಮ ಬಡಾವಣೆಯಿಂದ ಆರು ಜನ ಪ್ರತಿ ಭಾನುವಾರ ಮೂರು ಗಂಟೆ ದುಡಿದರೆ ನಮ್ಮ ನಾಯಿಗಳ ಸರದಿ ಬೇಗ ಬರುತ್ತದೆ.

3ನೇ ಅಡ್ಡರಸ್ತೆಯ ನಿವಾಸಿ:
ಕಾರ್ಯದರ್ಶಿಗಳೇ, ನನ್ನ ಮಗಳನ್ನು ನಾಯಿ ಕಚ್ಚಿದ ಮೇಲೆ, ಮೊದಲ ಚುಚ್ಚುಮದ್ದಿನ ದಿನವನ್ನು 0 ಎಂದು ಎಣಿಸಿ, 0, 3, 7, 14, 28ನೇ ದಿನಗಳಂದು ಐದು ಸಲ ಅವಳನ್ನು ಚುಚ್ಚುಮದ್ದಿಗೆ ಕರೆದೊಯ್ದವನು ನಾನು. ಇಂದಿಗೂ ಅವಳು ಒಬ್ಬಳೇ ಅಂಗಡಿಗೆ ಹೋಗುವುದಿಲ್ಲ. ಈ ನಾಯಿಗಳನ್ನು ಊರಾಚೆ ಸಾಗಿಸುವುದನ್ನು ಬಿಟ್ಟು ನಾವೇ ಅವುಗಳ ಸೇವೆಗೆ ಹೋಗುವುದು ನನಗೆ ಅರ್ಥವಾಗುತ್ತಿಲ್ಲ.

ನಿವೃತ್ತ ಪಶುವೈದ್ಯೆ, 1ನೇ ಮುಖ್ಯರಸ್ತೆ:
ಸರ್, ನಿಮ್ಮ ಮಗಳ ಭಯ ಸಣ್ಣದಲ್ಲ. ಆದರೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಶಸ್ತ್ರಚಿಕಿತ್ಸೆಯ ನಂತರ ಬೀದಿನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕು, ಮತ್ತು ಇದಕ್ಕೆ ಕಾರಣವಿದೆ. ಒಂದು ಗುಂಪನ್ನು ಎತ್ತಿಸಿದರೆ, ನಿವೇಶನದಲ್ಲಿ ಕಸ ಬೀಳುತ್ತಿರುವಷ್ಟು ದಿನ, ಲಸಿಕೆಯಿಲ್ಲದ ಹೊಸ ನಾಯಿಗಳು ಆ ಜಾಗ ಹಿಡಿಯುತ್ತವೆ. ನೂರರಲ್ಲಿ ಎಪ್ಪತ್ತು ನಾಯಿಗಳಿಗೆ ಲಸಿಕೆಯಾದರೆ ರೇಬೀಸ್ ಹರಡುವ ಸರಪಳಿ ಕಡಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಆಗಿದೆ ಎಂದು ತೋರಿಸಲು ಕಿವಿಯಂಚು ಕತ್ತರಿಸಿದ ಗುರುತು ನಮ್ಮ ಒಂಬತ್ತರಲ್ಲಿ ಎರಡಕ್ಕೆ ಮಾತ್ರ ಇದೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಮೋರಿಯ ಪಕ್ಕ ಮರಿ ಹಾಕಿರುವ ಕಂದು ಬಣ್ಣದ ತಾಯಿಯನ್ನಾಗಲಿ, ಮರಿಗಳನ್ನಾಗಲಿ ದಯವಿಟ್ಟು ಯಾರೂ ಈಗ ಆಶ್ರಯಧಾಮಕ್ಕೆ ಒಯ್ಯಬೇಡಿ. ಲಸಿಕೆಯಾಗದ ಮರಿಗಳು ಹತ್ತಾರು ನಾಯಿಗಳಿರುವ ಜಾಗಕ್ಕೆ ಹೋದರೆ ಪಾರ್ವೋ ಅಥವಾ ಡಿಸ್ಟೆಂಪರ್ ಎಂಬ ಸಾಂಕ್ರಾಮಿಕ ರೋಗ ತಗಲಿ ಸಾಯುವ ಸಂಭವ ಹೆಚ್ಚು. ಕರುಣೆಯಿಂದ ಬುಟ್ಟಿಯಲ್ಲಿ ತಂದುಕೊಟ್ಟ ಮರಿಗಳು ಒಂದೇ ವಾರದಲ್ಲಿ ವಾಂತಿಭೇದಿಯಾಗಿ ಒಂದೊಂದಾಗಿ ಹೋಗುವುದನ್ನು ನಾನು ಸೇವೆಯಲ್ಲಿದ್ದಾಗ ಎಷ್ಟೋ ಬಾರಿ ಕಂಡಿದ್ದೇನೆ. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಮರಿಗಳು ಹಾಲು ಬಿಡುವವರೆಗೆ, ಅಂದರೆ ಸುಮಾರು ಎರಡು ತಿಂಗಳು, ಅವು ತಾಯಿಯೊಂದಿಗೆ ಇಲ್ಲೇ ಇರಲಿ. ಪಾರ್ವೋ ರೋಗಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ, ಮನೆಯಲ್ಲಿ ನಾಯಿ ಸಾಕಿರುವ ಸ್ವಯಂಸೇವಕರು ಆಶ್ರಯಧಾಮಕ್ಕೆಂದೇ ಬೇರೆ ಚಪ್ಪಲಿ, ಬೇರೆ ಬಟ್ಟೆ ಇಟ್ಟುಕೊಳ್ಳಬೇಕು.

ಕಾಲೇಜು ವಿದ್ಯಾರ್ಥಿನಿ, 5ನೇ ಅಡ್ಡರಸ್ತೆ:
ಮೇಡಂ, ನಾನು ಬರುತ್ತೇನೆ. ಅಲ್ಲಿ ನಾವು ಮಾಡಬೇಕಾದ ಕೆಲಸವೇನು? ನನಗೆ ನಾಯಿಗಳನ್ನು ಆಡಿಸುವುದಷ್ಟೇ ಗೊತ್ತು.

ನಿವೃತ್ತ ಪಶುವೈದ್ಯೆ:
ಆಡಿಸುವುದು ಕೊನೆಯ ಕೆಲಸ, ಮಗು. ಕೆನಲ್ ತೊಳೆದು ಬ್ಲೀಚಿಂಗ್ ದ್ರಾವಣ ಹಾಕುವುದು, ಹಾಸಿದ ಗೋಣಿಚೀಲಗಳನ್ನು ಒಗೆದು ಬಿಸಿಲಿಗೆ ಹರಡುವುದು, ಅನ್ನ ಬೇಯಿಸುವುದು, ಯಾವ ನಾಯಿ ಊಟ ಬಿಟ್ಟಿದೆ, ಯಾವುದರ ಹೊಲಿಗೆ ಕೆಂಪಾಗಿದೆ ಎಂದು ಪುಸ್ತಕದಲ್ಲಿ ಬರೆಯುವುದು ಮುಖ್ಯ. ನಾಯಿಗಳನ್ನು ಮುಟ್ಟುವ ಮೊದಲು ಪ್ರತಿಯೊಬ್ಬರೂ ಮುಂಜಾಗ್ರತೆಯ ರೇಬೀಸ್ ಲಸಿಕೆಯನ್ನು 0, 7 ಮತ್ತು 21 ಅಥವಾ 28ನೇ ದಿನ ಪಡೆದಿರಬೇಕು. ಲಸಿಕೆಯಾಗಿದ್ದರೂ, ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ವೈದ್ಯರನ್ನು ಕಾಣಬೇಕು. ಲಸಿಕೆ ಮುಗಿಯಲು ಸುಮಾರು ಒಂದು ತಿಂಗಳು ಬೇಕಾದ್ದರಿಂದ ಮೊದಲ ತಿಂಗಳು ಅಡುಗೆ, ಬಟ್ಟೆ ಒಗೆಯುವುದು ಮತ್ತು ಪುಸ್ತಕದಲ್ಲಿ ಬರೆಯುವ ಕೆಲಸ ಮಾತ್ರ.

3ನೇ ಅಡ್ಡರಸ್ತೆಯ ನಿವಾಸಿ:
ನಾನು ಆಶ್ರಯಧಾಮಕ್ಕೆ ಬರಲಾರೆ, ಕ್ಷಮಿಸಿ. ಆದರೆ ನಿವೇಶನದ ಕಸ ತೆಗೆಸಿ, ಮಾಲೀಕರಿಂದ ಬೇಲಿ ಹಾಕಿಸುವ ಹೊಣೆ ನನಗಿರಲಿ. ಅನ್ನ ಹಾಕುವವರು ಆಟದ ಮೈದಾನದ ಗೇಟಿನ ಬಳಿ ಹಾಕುವುದನ್ನು ನಿಲ್ಲಿಸಬೇಕು.

ಕಾರ್ಯದರ್ಶಿ:
ಸರ್, ನಿಮ್ಮ ಮಾತು ನ್ಯಾಯವಾದದ್ದು. ಮಕ್ಕಳು ಆಡುವ ಜಾಗದಿಂದ ದೂರದಲ್ಲಿ ಊಟದ ಸ್ಥಳ ಗುರುತಿಸಬೇಕೆಂದು ಅದೇ ನಿಯಮಗಳು ಹೇಳುತ್ತವೆ. ನೀರಿನ ಟ್ಯಾಂಕಿನ ಹಿಂಭಾಗವನ್ನು ಗೊತ್ತುಮಾಡೋಣ. ಇದುವರೆಗೆ ನಾಲ್ವರ ಹೆಸರು ಬಂದಿದೆ, ಇನ್ನಿಬ್ಬರು ಬೇಕು. ಭಾನುವಾರ ಬೆಳಿಗ್ಗೆ 6.30ಕ್ಕೆ ಉದ್ಯಾನದ ಗೇಟಿನಿಂದ ಹೊರಡುತ್ತೇವೆ. ಹಳೆಯ ಬೆಡ್‌ಶೀಟು, ಗೋಣಿಚೀಲ ಇದ್ದವರು ಶನಿವಾರ ಸಂಜೆಯೊಳಗೆ ಸಂಘದ ಕಚೇರಿಗೆ ತಲುಪಿಸಿ.