ಆನೆ ವಿಚಾರಕ್ಕೂ ಪಕ್ಷದ ಬಣ್ಣ: ಬೆಳೆಗಾರರ ಸಂಘದಲ್ಲಿ ರಾಜಿ ಮಾಡಿಸೋದು ಹೇಗೆ?

ಬಿಸಿಲೆ_ಘಾಟ್ (ಸಕಲೇಶಪುರ):
ನಮ್ಮ ಹೋಬಳಿ ಬೆಳೆಗಾರರ ಸಂಘದಿಂದ ಆನೆ ಹಾವಳಿ ಬಗ್ಗೆ ಅರಣ್ಯ ಇಲಾಖೆಗೆ ಒಂದು ಮನವಿ ಹೋಗಬೇಕು. ಒಂದು ಬಣ 'ಅಷ್ಟೂ ಆನೆ ಹಿಡಿದು ಸಾಗಿಸಿ' ಅನ್ನುತ್ತೆ. ಇನ್ನೊಂದು 'ಹಿಡಿದ ಜಾಗಕ್ಕೆ ಬೇರೆ ಬರ್ತವೆ, ಬೇಲಿ ಹಾಕಿ' ಅನ್ನುತ್ತೆ. ಚುನಾವಣೆ ಆದಮೇಲೆ ಈ ಬಣಗಳೇ ಎರಡು ಪಕ್ಷ ಆಗಿಬಿಟ್ಟಿವೆ. ಬೆಳೆ ನಷ್ಟದ ಲೆಕ್ಕ ಮುಂದಿಟ್ಟರೆ ಇಬ್ಬರೂ ಅದನ್ನೇ ತಮ್ಮ ಪರ ಸಾಕ್ಷಿ ಅಂತಾರೆ. ಮನಃಶಾಸ್ತ್ರ ಬಲ್ಲವರು ಸಭೆ ನಡೆಸುವ ಕ್ರಮ ತಿಳಿಸಿ.

ಹೇಮಾವತಿ_ದಂಡೆ:
ಲೆಕ್ಕ ತೋರಿಸಿ ಒಪ್ಪಿಸೋಕೆ ಹೋದರೆ ಹಾಗೇ ಆಗೋದು. 1979ರಲ್ಲಿ ಮನಃಶಾಸ್ತ್ರಜ್ಞರಾದ ಚಾರ್ಲ್ಸ್ ಲಾರ್ಡ್, ಲೀ ರಾಸ್, ಮಾರ್ಕ್ ಲೆಪ್ಪರ್ ಮರಣದಂಡನೆಯ ಪರ ಇದ್ದ, ವಿರೋಧ ಇದ್ದ ವಿದ್ಯಾರ್ಥಿಗಳಿಗೆ ಒಂದೇ ಜೋಡಿ ಅಧ್ಯಯನ ಓದಿಸಿದರು. ಒಂದು ಪರ, ಒಂದು ವಿರುದ್ಧ. ತಮಗೆ ಒಗ್ಗಿದ್ದೇ ಹೆಚ್ಚು ನಂಬೋ ಹಾಗೆ ಕಂಡಿತು, ಒಗ್ಗದ್ದರಲ್ಲಿ ಹುಳುಕು ಹುಡುಕಿದರು. ಓದಿ ಮುಗಿಸಿದಾಗ ತಮ್ಮ ನಿಲುವು ಇನ್ನೂ ಗಟ್ಟಿಯಾಯ್ತು ಅಂದರು.

ಹೆನ್ರಿ ತಾಜ್‌ಫೆಲ್ ಬ್ರಿಸ್ಟಲ್‌ನ ಶಾಲಾ ಹುಡುಗರ ಮೇಲೆ ಮಾಡಿದ ಪ್ರಯೋಗವೂ ನಿಮ್ಮ ಸಂಘಕ್ಕೆ ಸರಿಹೊಂದುತ್ತೆ. ಏನೋ ಒಂದು ನೆಪದಲ್ಲಿ ಎರಡು ಗುಂಪು ಮಾಡಿದರೂ ಸಾಕಾಯ್ತು: ತಮ್ಮವರಿಗೆ ಬರೋ ದುಡ್ಡು ಕಮ್ಮಿಯಾದರೂ ಸರಿ, ಎದುರಿನವರಿಗಿಂತ ಜಾಸ್ತಿ ಇರಬೇಕು ಅನ್ನೋ ಹಂಚಿಕೆಯ ಕಡೆಗೇ ಬಹಳ ಹುಡುಗರು ವಾಲಿದರು. ಅವರಿಗೆ ಲಾಭಕ್ಕಿಂತ ಅಂತರ ಮುಖ್ಯ.

ಮೂರನೇದು, ಮಾತು ಯಾರ ಬಾಯಿಂದ ಬಂತು ಅನ್ನೋದು. ಶೀತಲ ಸಮರದ ಕಾಲದಲ್ಲಿ ಅಮೆರಿಕದವರಿಗೆ ಒಂದೇ ಅಣ್ವಸ್ತ್ರ ಕಡಿತದ ಪ್ರಸ್ತಾವ ತೋರಿಸಿದರು. ತಮ್ಮ ಅಧ್ಯಕ್ಷ ರೇಗನ್ ಹೇಳಿದ್ದು ಅಂದಾಗ ಹೆಚ್ಚಿನವರಿಗೆ ಒಪ್ಪಿಗೆ, ಸೋವಿಯತ್ ನಾಯಕ ಗೋರ್ಬಚೇವ್ ಹೇಳಿದ್ದು ಅಂದಾಗ ಒಪ್ಪಿಗೆ ಬಿದ್ದುಹೋಯ್ತು. ಹಾಗಾಗಿ ನಿಮ್ಮ ಸಭೆಯಲ್ಲಿ ಯಾವ ಸಲಹೆಗೂ ಹೆಸರು ಅಂಟಬಾರದು.

ಮೂಡಿಗೆರೆ_ಮೇಷ್ಟ್ರು:
ಕ್ರಮ ನಾನು ಹೇಳ್ತೀನಿ. ಇಡೀ ಸಂಘ ಕೂರಿಸಿ ಮನವಿ ಬರೆಯಬೇಡಿ ಸರ್. ನೋಡೋರು ಇದ್ದರೆ ಯಾರೂ ಬಗ್ಗಲ್ಲ, ಬಗ್ಗಿದರೆ ತಮ್ಮವರ ಮುಂದೆ ಮರ್ಯಾದೆ ಪ್ರಶ್ನೆ. ಒಂದೊಂದು ಕಡೆಯಿಂದ ಮೂವರಂತೆ ಆರು ಜನ, ಜೊತೆಗೆ ಮಧ್ಯಸ್ಥರಾಗಿ ಇಬ್ಬರಿಗೂ ಬೇಕಾದ ಒಬ್ಬರು. ಎದುರುಬದುರು ಸಾಲು ಬೇಡ, ಬೆರೆಸಿ ಕೂರಿಸಿ.

ಮೊದಲ ಸುತ್ತಲ್ಲಿ ಪರಿಹಾರದ ಮಾತೇ ಬೇಡ. 'ಆನೆಯಿಂದ ಯಾವ ತೊಂದರೆ ತಪ್ಪಿದರೆ ನಿಮಗೆ ಸಾಕು?' ಅಂತ ಚೀಟಿಯಲ್ಲಿ ಬರೆಸಿ. ಊರಲ್ಲಿ ಕೈಬರಹ ಗುರುತು ಸಿಗುತ್ತೆ. ಅದಕ್ಕೇ ಮಧ್ಯಸ್ಥರೇ ಎಲ್ಲವನ್ನೂ ಒಂದು ಹಾಳೆಗೆ ಇಳಿಸಿ ಚೀಟಿ ಹರಿದುಹಾಕಲಿ. ಕಾಫಿ ಹಣ್ಣು ಕುಯ್ಯೋಕೆ ಬರೋ ಆಳುಗಳಿಗೆ ಬೆಳಗಿನ ದಾರಿ ಸುರಕ್ಷಿತ ಇರಬೇಕು, ತುಳಿದ ಗದ್ದೆಗೆ ಪರಿಹಾರ ಬೇಗ ಬರಬೇಕು, ಕತ್ತಲಾದ ಮೇಲೆ ಆನೆ ಎಲ್ಲಿದೆ ಅಂತ ಫೋನಿಗೆ ಗೊತ್ತಾಗಬೇಕು: ಇಂಥವು ಎರಡೂ ಕಡೆ ಚೀಟಿಯಲ್ಲಿ ಬಂದೇ ಬರ್ತವೆ.

ಎರಡನೇ ಸುತ್ತಲ್ಲಿ 'ಯಾಕೆ' ಕೇಳಬೇಡಿ, 'ಹೇಗೆ' ಕೇಳಿ. 'ಯಾಕೆ' ಅಂದರೆ ಭಾಷಣ ಶುರುವಾಗುತ್ತೆ. ಹಿಡಿಯಿರಿ ಅನ್ನೋರಿಗೆ: ಹಿಡಿದ ಆನೆ ಯಾವ ಕಾಡಿಗೆ ಬಿಡೋದು, ವಾಪಸ್ ಬಂದರೆ? ಬೇಲಿ ಅನ್ನೋರಿಗೆ: ಮಳೆಗಾಲದಲ್ಲಿ ಸೋಲಾರ್ ತಂತಿಗೆ ಬಳ್ಳಿ ಹಬ್ಬಿ ಕರೆಂಟ್ ಇಳಿದರೆ ಸವರೋರು ಯಾರು, ಕೂಲಿ ಯಾರ ತಲೆಗೆ? ಕಂದಕದ ಮಣ್ಣು ಕುಸಿದರೆ ಎತ್ತೋದು ಯಾರು, ಹಳ್ಳ ದಾಟೋ ಕಡೆ ಏನು ಮಾಡೋದು? ಎರಡೂ ಕಡೆಗೆ ಸಮ ಸಮ ಪ್ರಶ್ನೆ ಇರಲಿ, ಒಂದು ಹೆಚ್ಚಾದರೂ ಮಧ್ಯಸ್ಥರ ಮೇಲೆ ನಂಬಿಕೆ ಹೋಗುತ್ತೆ.

ಆಮೇಲೆ ಒಂದೇ ಕರಡು. ಮಧ್ಯಸ್ಥರು ಬರೆದು ತಂದು 'ಒಪ್ತೀರಾ' ಅಂತ ಕೇಳಬಾರದು, 'ಇದರಲ್ಲಿ ನಿಮಗೆ ಎಲ್ಲಿ ಪೆಟ್ಟು ಬೀಳುತ್ತೆ' ಅಂತ ಮಾತ್ರ ಕೇಳಬೇಕು. ತಿದ್ದಬೇಕು, ಮತ್ತೆ ತರಬೇಕು. 1978ರಲ್ಲಿ ಕ್ಯಾಂಪ್ ಡೇವಿಡ್‌ನಲ್ಲಿ ಈಜಿಪ್ಟ್–ಇಸ್ರೇಲ್ ಒಪ್ಪಂದಕ್ಕೆ ಅಮೆರಿಕದವರು ಹಿಡಿದ ದಾರಿ ಇದೇ: 13 ದಿನ, 20ಕ್ಕೂ ಹೆಚ್ಚು ಕರಡು. ನಿಮಗೆ ನಾಲ್ಕೈದು ಸಾಕಾಗಬಹುದು, ಆದರೆ ಒಂದೇ ಸಭೆಯಲ್ಲಿ ಮುಗಿಸೋ ಆಸೆ ಬೇಡ.

ಹೇಮಾವತಿ_ದಂಡೆ:
ಮೇಷ್ಟ್ರೇ, 'ಹೇಗೆ' ಪ್ರಶ್ನೆ ಬಗ್ಗೆ ಒಂದು ಮಾತು. 2013ರ ಫರ್ನ್‌ಬಾಕ್ ಅಧ್ಯಯನದಲ್ಲಿ ಹೀಗೆ ವಿವರಿಸಿದವರ ನಿಲುವು ಮೆತ್ತಗಾಯ್ತು, ನಿಜ. ಆಮೇಲೆ ಬೇರೆಯವರು ಮಾಡಿ ನೋಡಿದಾಗ 'ನಮಗೆ ಅಷ್ಟು ಗೊತ್ತಿಲ್ಲ' ಅನ್ನೋ ಅರಿವು ಬಂತೇ ಹೊರತು ನಿಲುವು ಮೆತ್ತಗಾಗಲಿಲ್ಲ. ಆ ಸುತ್ತು ಇರಲಿ, ಅದರ ಮೇಲೇ ಪೂರ್ತಿ ಭಾರ ಹಾಕಬೇಡಿ.

ಬಾಬಾಬುಡನ್_ಗಿರಿ (ಚಿಕ್ಕಮಗಳೂರು):
ಇಬ್ಬರೂ ಬಿಟ್ಟ ಒಂದು ಅಂಶ ಇದೆ. ಆನೆ ತುಳಿದು ಮನೆಯವರನ್ನು ಕಳಕೊಂಡವರು ಸಂಘದಲ್ಲಿದ್ದರೆ ಅವರ ಎದುರು ಪರಿಹಾರದ ಮೊತ್ತದಿಂದ ಮಾತು ತೆಗೀಬೇಡಿ. ಜೆರೆಮಿ ಗಿಂಗಸ್, ಸ್ಕಾಟ್ ಅಟ್ರಾನ್ ಮತ್ತಿತರರು 2007ರಲ್ಲಿ ಇಸ್ರೇಲಿಗಳು, ಪ್ಯಾಲೆಸ್ಟೀನಿಯರಲ್ಲಿ ಕಂಡದ್ದು: ಪವಿತ್ರ ಅಂತ ಹಿಡಿದ ವಿಷಯಕ್ಕೆ ದುಡ್ಡು ಸೇರಿಸಿದರೆ ಸಿಟ್ಟು ಹೆಚ್ಚಾಯ್ತು, ಎದುರಿನವರೂ ತಮಗೆ ಪವಿತ್ರವಾದದ್ದನ್ನು ಬಿಟ್ಟುಕೊಟ್ಟಾಗ ಇಳೀತು. ಬೇಲಿ ಕಡೆಯವರೇ ಎದ್ದು ಮೊದಲು 'ನಿಮ್ಮ ಮನೇಲಿ ಆದದ್ದು ನಮ್ಮ ಊರಿಗೇ ಆದ ನಷ್ಟ' ಅನ್ನಲಿ, ಅದನ್ನು ಮನವಿಯ ಮೊದಲ ಸಾಲಲ್ಲೇ ಬರೀಲಿ. ಮಧ್ಯಸ್ಥರ ಬಾಯಲ್ಲಿ ಬಂದರೆ ಅಷ್ಟು ತೂಕ ಇಲ್ಲ.

'ಅರ್ಧ ಆನೆ ಹಿಡೀರಿ, ಅರ್ಧ ಬೇಲಿ ಹಾಕಿ' ಅನ್ನೋ ನಡುಗೆರೆ ರಾಜಿಯೂ ಬೇಡ, ಅದರಲ್ಲಿ ಯಾರ ಕಷ್ಟವೂ ತೀರಲ್ಲ. ಮನುಷ್ಯರ ಮೇಲೆ ಬೀಳೋ ಆನೆ ಯಾವುದು ಅಂತ ಇಲಾಖೆಯವರು ಗುರುತಿಸಿ ಹಿಡಿಯಲಿ, ಉಳಿದ ಹಿಂಡಿಗೆ ಬೇಲಿ, ಮುನ್ಸೂಚನೆ ಇರಲಿ. ಹೀಗಾದರೆ ಎರಡೂ ಕಡೆಯವರ ಮುಖ್ಯ ಚಿಂತೆಗೆ ಉತ್ತರ ಸಿಗುತ್ತೆ.

ಬಿಸಿಲೆ_ಘಾಟ್:
ಕರಡನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕಬಹುದಾ?

ಮೂಡಿಗೆರೆ_ಮೇಷ್ಟ್ರು:
ಬೇಡ್ವೇ ಬೇಡ. ಅರ್ಧ ಓದಿದವರು ಫಾರ್ವರ್ಡ್ ಮಾಡ್ತಾರೆ, ಸಂಜೆಗೆ ಅದು ಯಾವುದೋ ಪಕ್ಷದ ಕರಡು ಆಗಿರುತ್ತೆ. ಕೊನೇದು ಆದಮೇಲೆ ಆರೂ ಜನರ ಸಹಿ ಇರೋ ಕಾಗದದ ಫೋಟೋ ಹಾಕಿ. ಎರಡೂ ಕಡೆಯ ಒಬ್ಬೊಬ್ಬರು ತಮ್ಮ ಬಣಕ್ಕೆ ತಾವೇ ಓದಿ ಹೇಳಲಿ.