ಆಮೆಯನ್ನು ಕೊಟ್ಟುಬಿಡುತ್ತಿದ್ದೇನೆ, ಅದರ ಜಾಗಕ್ಕೆ ಯಾವ ಕಾರು?

ಹಿಂದಿನ_ಇಂಜಿನ್:

24 ವರ್ಷದಿಂದ ನನ್ನ ಹತ್ತಿರ 1969ರ ಫೋಕ್ಸ್‌ವ್ಯಾಗನ್ ಬೀಟಲ್ ಇದೆ. 1493 ಸಿಸಿ, 44 ಹಾರ್ಸ್‌ಪವರ್. ಇಂಜಿನ್ ಹಿಂದೆ, ಸಾಮಾನು ಇಡುವ ಜಾಗ ಮುಂದೆ. ಮನೆಯಲ್ಲಿ ಯಾರೂ ಅದನ್ನು ಕಾರು ಅನ್ನುವುದಿಲ್ಲ, ಆಮೆ ಅನ್ನುತ್ತಾರೆ. ಆಮೆ ಈಗ ಮಾರಾಟಕ್ಕಿದೆ. ಈ ಸಾಲನ್ನು ಎರಡು ಸಲ ಬರೆದು ಅಳಿಸಿದೆ. ಮೂರನೇ ಸಲಕ್ಕೆ ಇರಲಿ ಅಂತ ಬಿಟ್ಟಿದ್ದೇನೆ.

ಕೆಟ್ಟು ನಿಂತಿದೆ ಅಂತಲ್ಲ. ಮೊಮ್ಮಗಳಿಗೆ ಎರಡು ವರ್ಷ, ವಾರದಲ್ಲಿ ಮೂರು ದಿನ ನಮ್ಮ ಜೊತೆ ಇರುತ್ತಾಳೆ. ಆಮೆಯ ಹಿಂದಿನ ಸೀಟಿಗೆ ಬೆಲ್ಟ್ ಇಲ್ಲ. ಮಕ್ಕಳ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಯಂತೂ ಇಲ್ಲವೇ ಇಲ್ಲ. ಸಾಲದ್ದಕ್ಕೆ ಸೀಟಿನ ಕೆಳಗೆ ಬ್ಯಾಟರಿ. ಸೀಟಿನ ಸ್ಪ್ರಿಂಗ್ ಕುಸಿದು ಟರ್ಮಿನಲ್‌ಗೆ ತಗುಲಿದರೆ ಬೆಂಕಿ ಹತ್ತಬಹುದು ಅಂತ ಬೀಟಲ್ ಸಾಕಿದವರಿಗೆಲ್ಲ ಗೊತ್ತು. ನಾನು ದಪ್ಪ ರಬ್ಬರ್ ಮ್ಯಾಟ್ ಹಾಸಿದ್ದೇನೆ. ಆದರೂ ಮಗುವನ್ನು ಅಲ್ಲಿ ಕೂರಿಸಿಕೊಂಡು ಹೊರಟ ದಿನ ನನ್ನ ಕಣ್ಣು ರಸ್ತೆಗಿಂತ ಜಾಸ್ತಿ ಕನ್ನಡಿಯ ಮೇಲೇ ಇತ್ತು. ಮನೆಗೆ ಬಂದವನೇ ಹೆಂಡತಿಗೆ ಹೇಳಿದೆ, ಇನ್ನು ಸಾಕು ಅಂತ.

ಇನ್ನೊಂದು ಕಾರಣ ನನ್ನ ಬೆನ್ನು. 5,000 ಕಿಲೋಮೀಟರಿಗೊಮ್ಮೆ ವಾಲ್ವ್ ಸೆಟ್ ಮಾಡಬೇಕು, ಅಂದರೆ ವಾಲ್ವಿನ ತುದಿಯಲ್ಲಿರುವ ಸಣ್ಣ ಸಂದನ್ನು ಸರಿಯಾದ ಅಳತೆಗೆ ತರಬೇಕು. ಇಂಜಿನ್ ಪೂರ್ತಿ ತಣ್ಣಗಿರಬೇಕು, ಹಾಗಾಗಿ ಬೆಳಗ್ಗೆ ಎದ್ದವನೇ ಕಾರಿನಡಿ ಮಲಗುತ್ತೇನೆ. ಸಂದು ಅಳೆಯುವ ಫೀಲರ್ ಗೇಜಿನ 0.15 ಮಿಲಿಮೀಟರ್ ಉಕ್ಕಿನ ಎಲೆಯನ್ನು ಅಲ್ಲಿಗೆ ತೂರಿಸಿ ಎಳೆದರೆ ಅದು ಸಲೀಸಾಗಿ ಬರಬಾರದು, ಸಿಕ್ಕಿಕೊಳ್ಳಲೂ ಬಾರದು. ಒದ್ದೆ ಬಟ್ಟೆಯ ಮಡಿಕೆಯಿಂದ ಜಾರಿದ ಹಾಗೆ ಸ್ವಲ್ಪ ಹಿಡಿದು ಬಿಡಬೇಕು. ಸರಿ ಆಯಿತು ಅಂತ ನಟ್ ಬಿಗಿದರೆ ಸ್ಕ್ರೂ ಕೂದಲೆಳೆಯಷ್ಟು ತಿರುಗಿರುತ್ತದೆ. ಮತ್ತೆ ಮೊದಲಿಂದ. ಹೀಗೆ ಎಂಟು ವಾಲ್ವ್. ಈ ಕೆಲಸ ನನಗೆ ಇಷ್ಟ, ಸುಳ್ಳು ಯಾಕೆ ಹೇಳಲಿ. ಕಳೆದ ಸಲ ಆರನೆಯದು ಮುಗಿಸಿ ಏಳಲು ಹೋದರೆ ಬೆನ್ನು ಹಿಡಿದುಕೊಂಡಿತು. ಅರ್ಧ ಗಂಟೆ ಅಲ್ಲೇ ಬಿದ್ದುಕೊಂಡು ಆಮೆಯ ಹೊಟ್ಟೆ ನೋಡುತ್ತಿದ್ದೆ.

ಮೆಕ್ಯಾನಿಕ್ ಕೈಗೆ ಕೊಡಿ ಅನ್ನಬೇಡಿ. ಒಮ್ಮೆ ಕೊಟ್ಟಿದ್ದೆ, ಬರೀ ಆಯಿಲ್ ಬದಲಾಯಿಸಲು. ಇದಕ್ಕೆ ಆಯಿಲ್ ಫಿಲ್ಟರ್ ಇಲ್ಲ, ಕೆಳಗೊಂದು ಜರಡಿ ಇದೆ. ಅದರ ಪ್ಲೇಟಿಗೆ ಆರು ಪುಟ್ಟ ನಟ್. 7 ನ್ಯೂಟನ್ ಮೀಟರ್ ಬಿಗಿದರೆ ಸಾಕು. ಅಲ್ಲಿದ್ದ ಹುಡುಗ ಲಾರಿ ಚಕ್ರ ಅಂದುಕೊಂಡನೋ ಏನೋ, ಮೆಗ್ನೀಸಿಯಮ್ ಕೇಸಿನಿಂದ ಸ್ಟಡ್ಡೇ ಕಿತ್ತು ಬಂತು.

ಮೂರು ಕಾರು ಮನಸ್ಸಿನಲ್ಲಿವೆ. ಒಂದು, ಮಜ್ದಾ ಎಂಎಕ್ಸ್-5, ಹೆಡ್‌ಲೈಟ್ ಎದ್ದು ನಿಲ್ಲುತ್ತದಲ್ಲ, ಆ ಮೊದಲ ತಲೆಮಾರಿನದು. ಇನ್ನೊಂದು ಮರ್ಸಿಡಿಸ್ ಡಬ್ಲ್ಯು123 ಡೀಸೆಲ್. ಅದೂ ಬೇಡ ಅಂದರೆ ಯಾವುದಾದರೂ ಎಲೆಕ್ಟ್ರಿಕ್, ಆದರೆ ಮೋಟಾರ್ ಹಿಂದೆಯೇ ಇರಬೇಕು. ಯಾಕೆ ಅಂತ ಕೇಳಬೇಡಿ. ಏನು ಮಾಡಲಿ?

ಸ್ಪ್ಯಾನರ್36:

ಸರ್, ಮೊಮ್ಮಗಳಿಗೆ ಸರಿಯಾದ ಸೀಟು ಇಲ್ಲ ಅಂತ ಬೀಟಲ್ ಮಾರುತ್ತಿದ್ದೀರಿ. ಪಟ್ಟಿಯ ಮೊದಲ ಕಾರಿಗೆ ಇರುವುದೇ ಎರಡು ಸೀಟು. ಮಗು ಎಲ್ಲಿ ಕೂರುತ್ತದೆ, ಅಜ್ಜಿ ಎಲ್ಲಿ ಕೂರುತ್ತಾರೆ?

ಡಬ್ಲ್ಯು123 ಗಟ್ಟಿ ಕಾರು, ಸುಮಾರು 27 ಲಕ್ಷ ಕಾರು ತಯಾರಿಸಿದ್ದಾರೆ, ಒಪ್ಪಿದೆ. ಆದರೆ ಅದೂ ಐಸೋಫಿಕ್ಸ್ ಹುಟ್ಟುವ ಮೊದಲಿನದು. ಆ ಡೀಸೆಲ್ ಇಂಜಿನ್‌ಗೂ ವಾಲ್ವ್ ಸೆಟ್ಟಿಂಗ್ ಇದೆ. ಮಲಗಬೇಕಿಲ್ಲ, ಮೇಲಿಂದ ಬಗ್ಗಿ ಮಾಡಬಹುದು, ಅಷ್ಟೇ ಸಮಾಧಾನ. ನಿಮ್ಮ ಬೆನ್ನಿಗೆ ಬಗ್ಗುವುದು ಹೇಗೆ?

ನಿಮಗೆ ಬೇಕಿರುವುದು ಇನ್ನೊಂದು ಬೀಟಲ್. ಅದು ಮಾರಾಟಕ್ಕಿದೆ, ನಿಮ್ಮ ಮನೆ ಮುಂದೆಯೇ ನಿಂತಿದೆ.

ಮಳೆಹುಳು:

ಮಾರಬೇಡಿ! ಮಗುವಿಗೆ ಅಂತ ಒಂದು ಸಾದಾ ಕಾರು ತೆಗೆದುಕೊಳ್ಳಿ, ಆಮೆಗೆ ಹೊದಿಕೆ ಹಾಕಿ ಇಟ್ಟುಕೊಳ್ಳಿ. ಇಲ್ಲಾಂದ್ರೆ ಎಲೆಕ್ಟ್ರಿಕ್ ಮಾಡಿಸಿ. ಬೀಟಲ್ ಇಂಜಿನ್ ಹಿಡಿದಿರುವುದು ನಾಲ್ಕೇ ಬೋಲ್ಟ್ ಅಲ್ವಾ, ಇಳಿಸುವುದು ಸುಲಭ. ನಾನು ನನ್ನ ಮೊದಲ ಕಾರು ಮಾರಿ ಹತ್ತು ವರ್ಷವಾಯಿತು, ಅದೇ ಬಣ್ಣದ್ದು ಎದುರಿಗೆ ಬಂದರೆ ಈಗಲೂ ನಂಬರ್ ನೋಡುತ್ತೇನೆ.

ತಣ್ಣನೆ_ಗಾಳಿ:

ಹಿಂದೆ ಮೋಟಾರ್ ಬೇಕು ಅನ್ನುವುದನ್ನು ಯಾರೂ ಗಂಭೀರವಾಗಿ ತಗೊಂಡ ಹಾಗಿಲ್ಲ. ನಾನು ತಗೊಳ್ಳುತ್ತೇನೆ.

ನಿಮ್ಮದು ಸ್ವಿಂಗ್ ಆಕ್ಸಲ್ (ಹಿಂದಿನ ಚಕ್ರ ಆಕ್ಸಲ್ ಜೊತೆಗೇ ವಾಲುವ ಹಳೆಯ ಜೋಡಣೆ) ಆಗಿದ್ದರೆ ಅದರ ಹೆದರಿಕೆಯೂ ಗೊತ್ತಿರುತ್ತದೆ. ತಿರುವಿನಲ್ಲಿ ಜೋರಾಗಿ ಹೋಗಿ ಆಕ್ಸಲರೇಟರ್ ಥಟ್ಟನೆ ಬಿಟ್ಟರೆ ಹಿಂದಿನ ಭಾಗ ಮೇಲೆದ್ದು, ಹೊರಗಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ. ಅಂದರೆ ನಾವು ಪ್ರೀತಿಸುತ್ತಿದ್ದುದು ಇಂಜಿನ್ ಹಿಂದೆ ಇದ್ದುದನ್ನು, ಅದು ನಡೆದುಕೊಂಡ ರೀತಿಯನ್ನಲ್ಲ. ಈಗಿನವುಗಳಲ್ಲಿ ಆ ಕಾಟ ಇಲ್ಲ.

ಬಿಎಂಡಬ್ಲ್ಯು ಐ3 ನೋಡಿ, 2013ರಿಂದ 2022ರವರೆಗೆ ಬಂತು. ಮೋಟಾರ್ ಹಿಂದೆ, ಬೀಟಲ್ ಹಾಗೇ ತೆಳ್ಳನೆ ಟೈರು. ಆದರೆ ಹಿಂದಿನ ಬಾಗಿಲು ತೆರೆಯಬೇಕಾದರೆ ಮೊದಲು ಮುಂದಿನದನ್ನು ತೆರೆಯಬೇಕು. ಇಕ್ಕಟ್ಟಿನ ಜಾಗದಲ್ಲಿ ನಿಲ್ಲಿಸಿ, ತೋಳಲ್ಲಿ ನಿದ್ದೆ ಹೋದ ಮಗು ಇಟ್ಟುಕೊಂಡು ಒಮ್ಮೆ ಮಾಡಿ ನೋಡಿ, ಆಮೇಲೆ ತೀರ್ಮಾನ ಮಾಡಿ. ಫೋಕ್ಸ್‌ವ್ಯಾಗನ್ ಐಡಿ.3 ಇನ್ನೊಂದು. ಅದೇ ಕಂಪನಿ, ಹಿಂದೆ ಮೋಟಾರ್, ನಾಲ್ಕು ಮಾಮೂಲಿ ಬಾಗಿಲು. ಪೆಟ್ರೋಲೇ ಬೇಕು ಅಂದರೆ 2014ರಲ್ಲಿ ಬಂದ ರೆನೋ ಟ್ವಿಂಗೊ, ಅದರ ಇಂಜಿನ್ ಡಿಕ್ಕಿಯ ನೆಲದಡಿ ಇದೆ.

ಮಾರುವ ಮೊದಲು ಎರಡು ಕೆಲಸ. ಹಿಂದಿನ ಸೀಟು ಎತ್ತಿದರೆ ನಡುವಿನ ಟನೆಲ್ ಮೇಲೆ ಚಾಸಿ ನಂಬರ್ ಇದೆ, ಜನರೇಟರ್ ನಿಲ್ಲುವ ಜಾಗದ ಕೆಳಗೆ ಇಂಜಿನ್ ನಂಬರ್. ಎರಡನ್ನೂ ಪತ್ರದ ಜೊತೆ ತಾಳೆ ನೋಡಿ. ಆಮೇಲೆ ಕಾರ್ಬುರೇಟರಿಗೆ ಪೆಟ್ರೋಲ್ ಹೋಗುವ ಪುಟ್ಟ ಹಿತ್ತಾಳೆ ಕೊಳವೆಯನ್ನು ಬೆರಳಲ್ಲಿ ಅಲ್ಲಾಡಿಸಿ. ಸಡಿಲವಾಗಿದ್ದರೆ ಸರಿ ಮಾಡಿಸಿಯೇ ಕೊಡಿ. ಅದು ಕಳಚಿಕೊಂಡರೆ ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸುರಿಯುತ್ತದೆ, ಪಕ್ಕದಲ್ಲೇ ಕಿಡಿ ಹಾರುವ ಡಿಸ್ಟ್ರಿಬ್ಯೂಟರ್.

ಹಿಂದಿನ_ಇಂಜಿನ್:

ಸ್ಪ್ಯಾನರ್36, ನಿಮ್ಮ ಉತ್ತರವನ್ನು ಹೆಂಡತಿಗೆ ಓದಿ ಹೇಳಿದೆ. ಅಜ್ಜಿ ಎಲ್ಲಿ ಕೂರುತ್ತಾರೆ ಅನ್ನುವ ಸಾಲನ್ನು ಎರಡನೇ ಸಲ ಓದಿಸಿದಳು. ಎಂಎಕ್ಸ್-5 ಅಲ್ಲಿಗೆ ಮುಗಿಯಿತು.

ಮಳೆಹುಳು, ಹೊದಿಕೆ ಹಾಕಿ ಇಡುವುದನ್ನು ಒಮ್ಮೆ ಮಾಡಿದ್ದೇನೆ. ಎಂಟು ತಿಂಗಳು ನಿಲ್ಲಿಸಿದ್ದೆ. ತೆಗೆದು ನೋಡಿದರೆ ಬ್ರೇಕ್ ಸಿಲಿಂಡರ್ ಹಿಡಿದುಕೊಂಡಿತ್ತು, ಕಾರ್ಬುರೇಟರ್ ಒಳಗೆ ಪೆಟ್ರೋಲ್ ಅಂಟಿನ ಹಾಗೆ ಆಗಿತ್ತು. ನಿಲ್ಲಿಸಿ ಸಾಯಿಸುವುದಕ್ಕಿಂತ ಓಡಿಸುವವರ ಕೈಗೆ ಕೊಡುವುದು ವಾಸಿ. ಎಲೆಕ್ಟ್ರಿಕ್ ಮಾಡಿಸಿದರೆ ಬೆನ್ನು ಉಳಿಯುತ್ತದೆ, ಆದರೆ ಹಿಂದಿನ ಸೀಟು ಹಾಗೇ ಇರುತ್ತದಲ್ಲ? ಅಲ್ಲದೆ ಆ ಟಪಟಪ ಸದ್ದಿಲ್ಲದ ಆಮೆ ನನಗೆ ಬೇಡ. ಇದು ಹಟ, ಗೊತ್ತು.

ತಣ್ಣನೆ_ಗಾಳಿ, ಹಿತ್ತಾಳೆ ಕೊಳವೆ ಅಲ್ಲಾಡಿಸಿದೆ. ಅಲ್ಲಾಡಿತು. 24 ವರ್ಷದಲ್ಲಿ ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಹಿಂದಿನ_ಇಂಜಿನ್ (ಏಳು ವಾರದ ನಂತರ):

ಕೇಳಿದವರಿಗೆ ಸುದ್ದಿ ಹೇಳದೆ ಹೋಗುವುದು ಸರಿಯಲ್ಲ ಅಂತ ಬಂದೆ. ಆಮೆ ಹೋಯಿತು. ಮೊದಲು ಬಂದವರೊಬ್ಬರು ಬಾಗಿಲನ್ನೂ ತೆರೆಯದೆ, ಅಂಗಡಿ ಮುಂದೆ ಅಲಂಕಾರಕ್ಕೆ ನಿಲ್ಲಿಸುತ್ತೇನೆ ಅಂದರು. ಸುಮ್ನೆ ನೀರು ಕೊಟ್ಟು ಕಳಿಸಿದೆ. ಆಮೇಲೆ ಬಂದವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ. ಮುಂದಿನ ಬಾನೆಟ್ ಎತ್ತಿ, ಸ್ಟೆಪ್ನಿಯಿಂದ ವಾಷರ್ ಡಬ್ಬಕ್ಕೆ ಹೋಗುವ ಸಣ್ಣ ಪೈಪು ನೋಡಿ, "ಇದೇನು ಸರ್, ಸ್ಟೆಪ್ನಿಗೆ ಸಲೈನ್ ಹಾಕಿದ್ದೀರಾ?" ಅಂದಳು. ಗಾಜಿಗೆ ನೀರು ಚಿಮ್ಮಿಸುವುದು ಸ್ಟೆಪ್ನಿಯ ಗಾಳಿ ಅಂತ ಹೇಳಿದೆ. ನಂಬಲಿಲ್ಲ, ಒತ್ತಿ ನೋಡಿದಳು. ನೀರು ಗಾಜು ದಾಟಿ ನನ್ನ ಅಂಗಿಗೆ ಬಂತು. ಆಗಲೇ ಇವಳಿಗೇ ಕೊಡುವುದು ಅಂತ ಅಂದುಕೊಂಡೆ.

ಕೊಳವೆ ಸರಿ ಮಾಡಿಸಿ, ಪೆಟ್ರೋಲ್ ಹೋಸ್‌ಗಳನ್ನೆಲ್ಲ ಬದಲಾಯಿಸಿ ಕೊಟ್ಟೆ. ಕಿಟಕಿ ಒಂದು ಬೆರಳಷ್ಟು ಇಳಿಸದಿದ್ದರೆ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಒಳಗಿನ ಗಾಳಿಗೆ ಹೋಗಲು ದಾರಿ ಇರುವುದಿಲ್ಲ ಅಂತ ತೋರಿಸಿದೆ. ಒಂದು ಬೆಳಗ್ಗೆ ಬಂದು ವಾಲ್ವ್ ಸೆಟ್ಟಿಂಗೂ ಕಲಿತಳು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಐದನೆಯದಕ್ಕೆ "ಹಿಡಿದು ಬಿಟ್ಟಿತು ಸರ್" ಅಂದಳು, ಧ್ವನಿಯಲ್ಲೇ ಗೊತ್ತಾಯಿತು ಸರಿಯಾಗಿದೆ ಅಂತ. ಫೀಲರ್ ಗೇಜ್ ಅವಳಿಗೇ ಕೊಟ್ಟೆ. ಹಿಂದಿನ ಚಕ್ರದ ನಟ್ ಬಿಚ್ಚುವ 36 ಮಿಲಿಮೀಟರ್ ಸಾಕೆಟ್ ಮಾತ್ರ ಹೇಗೋ ನನ್ನ ಬಳಿಯೇ ಉಳಿದಿದೆ. ಕೇಳಿದರೆ ಕೊಡುತ್ತೇನೆ.

ನಮ್ಮದು ಈಗ ಐಡಿ.3, ಒಬ್ಬರು ಓಡಿಸಿ ಬಿಟ್ಟದ್ದು. ಐ3 ಬಾಗಿಲಿನ ಪರೀಕ್ಷೆ ಮಾಡಿದೆವು, ಮಗುವಿನ ಬದಲು ದಿಂಬು ಹಿಡಿದುಕೊಂಡು. ಹೆಂಡತಿಯ ಮುಖ ನೋಡಿಯೇ ಬೇಡ ಅಂದೆ. ಮೊಮ್ಮಗಳ ಸೀಟು ಕೊಂಡಿಗೆ ಕಟಕ್ ಅಂತ ಕೂರುತ್ತದೆ. ಕಾರು ಚೆನ್ನಾಗಿದೆ. ಪ್ರೀತಿ ಗೀತಿ ಅಂತೇನೂ ಇನ್ನೂ ಇಲ್ಲ.

ಮೊನ್ನೆ ತರಕಾರಿ ಚೀಲ ಹಿಡಿದುಕೊಂಡು ಮುಂದೆ ಹೋಗಿ ಬಾನೆಟ್ ಎತ್ತಿದೆ. ಅಲ್ಲಿ ಚೀಲ ಇಡಲು ಜಾಗವೇ ಇಲ್ಲ. ಒಳಗಿಂದ ಇಬ್ಬರೂ ನೋಡುತ್ತಿದ್ದರು. ಸಣ್ಣವಳು ಕೇಳಿದಳು, ಅಜ್ಜ, ಆಮೆ ಎಲ್ಲಿ ಅಂತ. ವಾಷರ್ ನೀರು ಎಷ್ಟಿದೆ ಅಂತ ನೋಡುವವನ ಹಾಗೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.