ಡಿಕ್ಸನ್ ಎಂಆರ್‌ಐ: ಎಲ್‌5ರಲ್ಲಿ ಮಾತ್ರ ಮಜ್ಜೆಯ ಕೊಬ್ಬು ದಿಢೀರ್ ಕಮ್ಮಿ ಬರ್ತಿದೆ

ಮಜ್ಜೆಗಣಿತ:
ಆಸ್ಟಿಯೊಪೊರೋಸಿಸ್ ಇರುವವರ ಬೆನ್ನುಮೂಳೆಯ ಮಜ್ಜೆಯಲ್ಲಿ ಕೊಬ್ಬು ಎಷ್ಟಿದೆ ಎಂದು ಅಳೆಯುತ್ತಿದ್ದೇನೆ. 3 ಟೆಸ್ಲಾ, 6 ಎಕೋ ಡಿಕ್ಸನ್ (ನೀರು, ಕೊಬ್ಬಿನ ಸಿಗ್ನಲ್ ಬೇರ್ಪಡಿಸುವ ಎಂಆರ್‌ಐ ವಿಧಾನ), ಫ್ಲಿಪ್ ಆ್ಯಂಗಲ್ 3 ಡಿಗ್ರಿ. ಒಬ್ಬರಲ್ಲಿ ಫ್ಯಾಟ್ ಫ್ರಾಕ್ಷನ್ (ಸಿಗ್ನಲ್‌ನಲ್ಲಿ ಕೊಬ್ಬಿನ ಪಾಲು) ಸೊಂಟದ ಮೊದಲ ಕಶೇರು ಎಲ್‌1ರಲ್ಲಿ 55%, ಎಲ್‌4ಕ್ಕೆ ಬರುವಾಗ 60%. ಎಲ್‌5ರಲ್ಲಿ ನೋಡಿದರೆ 38%! ಅಲ್ಲಿ ಕೊಬ್ಬು ಕಮ್ಮಿ ಇರುವ ಕೆಂಪು ಮಜ್ಜೆ ಜಾಸ್ತಿ ಇದೆಯಾ, ಇಲ್ಲ ಗಡ್ಡೆ ಏನಾದರೂ ಇರಬಹುದಾ? ಇನ್ನೊಂದು ತಲೆನೋವು: ಎಲ್‌3ರಲ್ಲಿ ಡಿಕ್ಸನ್ 59% ಅನ್ನುತ್ತೆ, ಪ್ರೆಸ್ ಸ್ಪೆಕ್ಟ್ರೋಸ್ಕೋಪಿ (ನೀರು, ಕೊಬ್ಬನ್ನು ಬೇರೆ ಬೇರೆ ಪೀಕ್‌ಗಳಾಗಿ ಅಳೆಯುವ ವಿಧಾನ) 68% ಅನ್ನುತ್ತೆ.

ಎಕೋಪ್ರಿಯ:
100ರಿಂದ 38 ಕಳೆಯಿರಿ. 62 ಬಂತು, ಅಲ್ವಾ? ನೀರು–ಕೊಬ್ಬು ಅದಲು ಬದಲಾಗಿರುವ ಸಾಧ್ಯತೆಯೇ ಹೆಚ್ಚು. ಸೊಂಟದ ಕಶೇರುಗಳಲ್ಲಿ ಕೆಳಗೆ ಹೋದಂತೆ ಕೊಬ್ಬು ಸಾಮಾನ್ಯವಾಗಿ ಏರುತ್ತೆ, ಹೀಗೆ ದಿಢೀರ್ ಬೀಳಲ್ಲ. ಚರ್ಮದ ಕೆಳಗಿನ ಕೊಬ್ಬು ಅದಲು ಬದಲಾದರೆ ಒಂದೇ ನೋಟಕ್ಕೆ ಗೊತ್ತಾಗುತ್ತೆ. ಮಜ್ಜೆ 50%ರ ಆಸುಪಾಸಿನಲ್ಲೇ ಇರುವುದರಿಂದ ತಪ್ಪು ಸಂಖ್ಯೆಯೂ ಸರಿಯಂತೆ ಕಾಣುತ್ತೆ, ಅದೇ ಅಪಾಯ.

ಎಲ್‌5ರ ಕೆಳಗಿನ ಡಿಸ್ಕ್ ನೋಡಿ. ಡಿಸ್ಕ್‌ನಲ್ಲಿ ನೀರೇ ಇರಬೇಕು. ಅದು ಫ್ಯಾಟ್ ಚಿತ್ರದಲ್ಲಿ ಬೆಳ್ಳಗಿದ್ದರೆ ಅನುಮಾನವೇ ಬೇಡ. ಫೀಲ್ಡ್ ಮ್ಯಾಪ್ (ಕಾಂತಕ್ಷೇತ್ರದ ಏರುಪೇರಿನ ನಕ್ಷೆ) ಕೂಡ ತೆರೆಯಿರಿ. 3 ಟೆಸ್ಲಾದಲ್ಲಿ ನೀರಿನ ಸಿಗ್ನಲ್‌ಗೂ ಕೊಬ್ಬಿನದಕ್ಕೂ ಆವರ್ತನದ ಅಂತರ ಸುಮಾರು 430 ಹರ್ಟ್ಸ್; ಎಲ್‌4–ಎಲ್‌5 ನಡುವೆ ಅಷ್ಟೇ ಜಿಗಿತ ಕಾಣಬೇಕು. ಆದರೆ ಗಡ್ಡೆಯ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಕೊಬ್ಬು ಬೆಳ್ಳಗೆ ಕಾಣುವ ಮಾಮೂಲಿ ಟಿ1 ಚಿತ್ರದಲ್ಲಿ ಈ ಅದಲು ಬದಲು ಆಗಲ್ಲ. ಅಲ್ಲಿ ಎಲ್‌5 ಪಕ್ಕದವುಗಳಿಗಿಂತ ಕಪ್ಪಗಿದ್ದರೆ ರೇಡಿಯಾಲಜಿಸ್ಟ್‌ಗೆ ತೋರಿಸಲೇಬೇಕು.

ಮಜ್ಜೆಗಣಿತ:
ಡಿಸ್ಕ್ ಹಾಲಿನಂತೆ ಬೆಳ್ಳಗಿದೆ ಸರ್, ಜಿಗಿತವೂ ಇದೆ. ಟಿ1ನಲ್ಲಿ ಎಲ್‌4, ಎಲ್‌5 ಒಂದೇ ಥರ. ಅಕ್ಕಪಕ್ಕದ ವೋಕ್ಸೆಲ್‌ಗಳನ್ನೂ (ಚಿತ್ರದ ಪುಟ್ಟ ಘನ ಚುಕ್ಕಿಗಳನ್ನೂ) ಲೆಕ್ಕಕ್ಕೆ ಹಿಡಿಯುವ ಗ್ರಾಫ್ ಕಟ್ ವಿಧಾನದಲ್ಲಿ ಮತ್ತೆ ಓಡಿಸಿದೆ, 62% ಬಂತು. ಸ್ಪೆಕ್ಟ್ರೋಸ್ಕೋಪಿ ಕಥೆ ಏನು?

ವೋಕ್ಸೆಲ್‌ಪುಟ್ಟಿ:
ಟಿ2 (ಸಿಗ್ನಲ್ ಕರಗಲು ಹಿಡಿಯುವ ಸಮಯ) ತಿದ್ದುಪಡಿ ಮಾಡಿದ್ದೀರಾ? ಮಜ್ಜೆಯ ನೀರಿನ ಟಿ2 ಕೊಬ್ಬಿನದಕ್ಕಿಂತ ಚಿಕ್ಕದು. ಎಕೋ ಟೈಮ್ (ಸಿಗ್ನಲ್ ಹಿಡಿಯುವ ಮೊದಲು ಕಾಯುವ ಸಮಯ) ಉದ್ದವಾದಷ್ಟೂ ನೀರಿನ ಸಿಗ್ನಲ್ ಬೇಗ ಕರಗಿ, ಕೊಬ್ಬು ಇರುವುದಕ್ಕಿಂತ ಜಾಸ್ತಿ ಕಾಣುತ್ತೆ. ನನ್ನ ಮತ ಪ್ರೆಸ್ ಬದಲು ಸ್ಟೀಮ್ ಎಂಬ ಇನ್ನೊಂದು ಸ್ಪೆಕ್ಟ್ರೋಸ್ಕೋಪಿ ವಿಧಾನಕ್ಕೆ: ಚಿಕ್ಕ ಎಕೋ ಟೈಮ್ ಸಿಗುತ್ತೆ. ಹಲವು ಎಕೋ ಟೈಮ್‌ಗಳಲ್ಲಿ ತೆಗೆದು ತಿದ್ದಿಕೊಳ್ಳಿ. 5.3 ಪಿಪಿಎಂನ (ಸ್ಪೆಕ್ಟ್ರಮ್‌ನಲ್ಲಿ ಪೀಕ್ ಇರುವ ಜಾಗದ ಅಳತೆ) ಕೊಬ್ಬಿನ ಪೀಕ್ 4.7ರ ನೀರಿನ ಪೀಕ್ ಜೊತೆ ಬೆರೆತುಹೋಗುತ್ತೆ, ಕೊಬ್ಬು ಜಾಸ್ತಿ ಇರುವ ಮಜ್ಜೆಯಲ್ಲಿ ಇನ್ನೂ ಕಷ್ಟ. ಅದನ್ನು 1.3 ಪಿಪಿಎಂನ ದೊಡ್ಡ ಪೀಕ್‌ಗೆ ಕಟ್ಟಿಹಾಕಿ ಫಿಟ್ ಮಾಡಿ.

ಎಕೋಪ್ರಿಯ:
ಡಿಕ್ಸನ್ ಕಡೆ ಟಿ2* (ಫೀಲ್ಡ್‌ನ ಏರುಪೇರೂ ಸೇರಿದಾಗ ಸಿಗ್ನಲ್ ಕರಗುವ ಸಮಯ) ತಿದ್ದುಪಡಿಯನ್ನೂ, ಕೊಬ್ಬಿನ ಬಹು-ಪೀಕ್ ಮಾದರಿಯನ್ನೂ ಆನ್ ಮಾಡಿದ್ದೀರಾ ನೋಡಿ. ಮೂಳೆಯೊಳಗಿನ ಸಣ್ಣ ಎಳೆಗಳ ಜಾಲವೇ ಫೀಲ್ಡ್ ಕೆಡಿಸಿ ಟಿ2* ಇಳಿಸುತ್ತೆ. ಆಸ್ಟಿಯೊಪೊರೋಸಿಸ್‌ನಲ್ಲಿ ಆ ಜಾಲ ತೆಳುವಾಗುವುದರಿಂದ ಟಿ2* ಏರುತ್ತೆ. ತಿದ್ದದೆ ಬಿಟ್ಟರೆ ರೋಗಿಗಳಿಗೂ ಆರೋಗ್ಯವಂತರಿಗೂ ಬೇರೆ ಬೇರೆ ಪ್ರಮಾಣದ ದೋಷ ಸೇರಿ, ಹೋಲಿಕೆಯೇ ಕೆಡುತ್ತೆ.